ಸುಮ್ನೆ ಬಿದ್ದೈತಿ ಅನ್ನಬೇಡಿ

ಮಕ್ಕಳೇ, ನಮ್ಮ ಕಡೆ ಹಳೆಯದೇನನ್ನೇ ತೋರಿಸಿ ಕೇಳಿದರೂ ಬರುವ ಉತ್ತರ ಒಂದೇ: ‘ಅದಾ? ಸುಮ್ನೆ ಬಿದ್ದೈತಿ ಬಿಡ್ರಿ.’ ಕೋಟೆಗೋಡೆಗೂ ಅದೇ ಮಾತು, ಗುಡ್ಡಕ್ಕೂ ಅದೇ ಮಾತು. ಆ ಮಾತಿನ ಬೆನ್ನಿಗೇ ಜೆಸಿಬಿ ಬರುತ್ತದೆ. ನಿಮ್ಮ ಬಾಯಿಂದ ಮೊದಲು ಆ ಮಾತನ್ನು ಬಿಡಿಸಬೇಕೆಂದು ನನ್ನಾಸೆ.

ಬಳ್ಳಾರಿಯ ಮಗ್ಗುಲಲ್ಲೇ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಿವೆ. ದೂರದಿಂದ ಬರೀ ಬಂಡೆ, ಜಾಲಿ. ಹತ್ತಿ ಹೋದರೆ ಕರಿಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳು, ಮನುಷ್ಯರು. ಎಲ್ಲ ಕಲ್ಲಿನಿಂದ ಕುಟ್ಟಿ ಮೂಡಿಸಿದ್ದು. ಕೆಲವು ಬಂಡೆಗಳಲ್ಲಿ ಅಂಗೈಯಷ್ಟು ನುಣುಪಾದ ಕುಳಿಗಳಿವೆ. ಅಲ್ಲಿ ಸಣ್ಣ ಕಲ್ಲು ತಾಗಿದರೆ ಗಂಟೆಯ ಹಾಗೆ ‘ಠಣ್’ ಎನ್ನುತ್ತದೆ. ಎಷ್ಟೋ ತಲೆಮಾರು ಬಡಿದು ಬಡಿದು ಸವೆದ ಕುಳಿ ಅದು. ನವಶಿಲಾಯುಗದ ಜನ ಇಲ್ಲಿ ದನ ಕಟ್ಟಿದ್ದರು, ಕಲ್ಲಿನ ಕೊಡಲಿ ಮಾಡುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಗುಡ್ಡಗಳನ್ನು ಸುತ್ತಿ ಬರೆದಿಟ್ಟರು. ಕುಡತಿನಿಯ ಬೂದಿದಿಬ್ಬವನ್ನು ಊರ ಜನ ರಾಕ್ಷಸನ ಬೂದಿ ಎನ್ನುತ್ತಿದ್ದರೆ, ಅಂಥವು ಸುಟ್ಟ ಸಗಣಿಯ ರಾಶಿ ಎಂದು ಗುರುತಿಸಿದವರೂ ಅವರೇ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲೂ 1963-64ರ ಉತ್ಖನನದಲ್ಲಿ ಅದೇ ಕಾಲದ ವಸತಿ ಸಿಕ್ಕಿತು. ಇಷ್ಟೆಲ್ಲ ಇದ್ದೂ ಕಪ್ಪಗಲ್ಲಿನ ಚಿತ್ರದ ಬಂಡೆಗಳಲ್ಲಿ ಒಂದಷ್ಟನ್ನು ಕಲ್ಲುಗಣಿ ನುಂಗಿತು. ಜಲ್ಲಿಯಾಗಿ ಹೋದ ಎತ್ತನ್ನು ಯಾರೂ ಮರಳಿ ತರಲಾರರು.

ಹಾಳುಮಾಡುವವರು ಹೊರಗಿನವರೇ ಅಂದುಕೊಳ್ಳಬೇಡಿ. ಕುರುಗೋಡು ಕಡೆಯ ಒಂದು ಹಳ್ಳಿಯಲ್ಲಿ ಗುಡಿ ಜೀರ್ಣೋದ್ಧಾರಕ್ಕೆ ಚಂದಾ ಪುಸ್ತಕ ಹಿಡಿದು ಮನೆಮನೆ ಸುತ್ತಿದವರಲ್ಲಿ ನಾನೂ ಒಬ್ಬ. ಭಕ್ತಿಯಿಂದಲೇ ಮಾಡಿದೆವು. ಕಂಬಗಳಿಗೆ ಆಯಿಲ್ ಪೇಂಟ್ ಬಳಿಸಿದೆವು, ಸುಣ್ಣದ ಗಾರೆ ಕೆತ್ತಿ ಸಿಮೆಂಟ್ ಮೆತ್ತಿದೆವು, ಅಂಗಳಕ್ಕೆ ಗ್ರಾನೈಟ್ ಹಾಸಿದೆವು. ಬಾಗಿಲ ಬಳಿ ಅಕ್ಷರ ಕೆತ್ತಿದ ಕಲ್ಲೊಂದಿತ್ತು. ಅದು ಹಾಸಿನ ಅಡಿಗೆ ಹೋಯಿತು. ಕುರುಗೋಡು ಸಿಂದ ಅರಸರ ರಾಜಧಾನಿಯಾಗಿದ್ದ ನೆಲ. ಆ ಕಲ್ಲಿನಲ್ಲಿ ಯಾವ ಅರಸನಿದ್ದನೋ, ಯಾವ ರೈತ ಕೊಟ್ಟ ದತ್ತಿಯಿತ್ತೋ, ಓದಿಸುವ ಮುಂಚೆಯೇ ಮುಚ್ಚಿದೆವು. ಸುಣ್ಣದ ಗೋಡೆ ಉಸಿರಾಡುತ್ತದೆ, ಸಿಮೆಂಟು ತೇವವನ್ನು ಒಳಗೇ ಹಿಡಿದು ಕಲ್ಲನ್ನು ತಿನ್ನುತ್ತದೆ ಎಂಬುದು ನನಗೆ ತಿಳಿದದ್ದು ಹತ್ತು ಮಳೆಗಾಲ ಕಳೆದ ಮೇಲೆ, ಗೋಡೆಯಲ್ಲಿ ಉಪ್ಪು ಒಡೆದಾಗ.

ಆದ್ದರಿಂದ ನಿಮ್ಮೂರಲ್ಲಿ ಜೀರ್ಣೋದ್ಧಾರದ ಮಾತು ಎದ್ದ ದಿನವೇ ಮೊಬೈಲ್ ಹಿಡಿದು ಹೋಗಿ. ಮೂಲೆಮೂಲೆಯ ಫೋಟೊ ತೆಗೆಯಿರಿ, ಅಕ್ಷರವಿದ್ದ ಕಲ್ಲುಗಳನ್ನು ಬೆಳಗಿನ ಓರೆ ಬಿಸಿಲಲ್ಲಿ ತೆಗೆಯಿರಿ. ಚೆನ್ನಾಗಿ ಕಾಣಲೆಂದು ಸೀಮೆಸುಣ್ಣ ತುಂಬಬೇಡಿ. ಪುರಾತತ್ವ ಇಲಾಖೆಗೆ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ. ಹಿರಿಯರು ಗದರುತ್ತಾರೆ. ಗದರಲಿ.

ಬಳ್ಳಾರಿ ಕೋಟೆಯ ವಿಷಯ ಬೇರೆ. ಹನುಮಪ್ಪ ನಾಯಕ ಕಟ್ಟಿದ ಮೇಲಿನ ಕೋಟೆ, ಹೈದರಾಲಿ ಕಟ್ಟಿಸಿದ ಕೆಳಗಿನ ಕೋಟೆ ಎರಡೂ ಕೇಂದ್ರದ ರಕ್ಷಣೆಯಲ್ಲಿವೆ. ಅಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ ಎಂದು ಸ್ಮಾರಕ ರಕ್ಷಣೆಯ ಕಾಯ್ದೆಗೆ ಬಂದ 2010ರ ತಿದ್ದುಪಡಿ ಹೇಳುತ್ತದೆ. ಕೋಟೆಯ ಸುತ್ತ ಬದುಕುವವರಿಗೆ ಸೋರುವ ಮಾಳಿಗೆ ರಿಪೇರಿಗೂ ಅನುಮತಿ ಬೇಕು. ಅವರನ್ನು ಕೋಟೆಯ ಶತ್ರುಗಳೆಂದು ಕಾಣಬೇಡಿ. ಅರ್ಜಿ ಬರೆಯಲು ಅವರ ಜೊತೆ ಕೂತುಕೊಳ್ಳಿ. ಆಗ ಕೋಟೆಗೆ ಕಾವಲುಗಾರರು ತಾವಾಗಿಯೇ ಸಿಗುತ್ತಾರೆ.

ಸಿರುಗುಪ್ಪದವರಿಗಂತೂ ಒಂದು ಮಾತು. ತುಂಗಭದ್ರೆಯ ನೀರು ತರುವ ನಿಮ್ಮ ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ವಿಜಯನಗರ ಕಾಲದವು. ಇವತ್ತೂ ನಿಮ್ಮ ಭತ್ತಕ್ಕೆ ನೀರುಣಿಸುತ್ತಿವೆ. ಅವುಗಳ ಏರಿಯ ಮೇಲೆ ನಿಂತು ಕಸದ ಚೀಲ ಒಗೆಯುವ ಕೈಯನ್ನು ನೀವೇ ಹಿಡಿಯಬೇಕು.

ನಾವು ಮುಚ್ಚಿದ ಆ ಕಲ್ಲಿನದೊಂದು ಫೋಟೊ ಎಲ್ಲಾದರೂ ಇದ್ದೀತೇ ಎಂದು ನಾನು ಇವತ್ತಿಗೂ ಹುಡುಕುತ್ತಿದ್ದೇನೆ. ಆ ಗುಡಿಯ ಬಾಗಿಲಲ್ಲಿ ಎಷ್ಟೋ ಮದುವೆಗಳಾಗಿವೆ. ನಿಮ್ಮಜ್ಜಿಯ ಟ್ರಂಕಿನಲ್ಲಿ ಹಳೇ ಮದುವೆ ಫೋಟೊ ಸಿಕ್ಕರೆ, ಮದುಮಕ್ಕಳ ಹಿಂದೆ ಏನಿದೆ ಎಂದು ಸ್ವಲ್ಪ ಬೆಳಕಿಗೆ ಹಿಡಿದು ನೋಡಿ.