ಮಂಕಾದ ದೀಪಕ್ಕೆ ದೊಡ್ಡ ಬಲ್ಬು ಮದ್ದಲ್ಲ

ಪಟ್ಟಂದೂರು ಅಗ್ರಹಾರದಿಂದ ಐ.ಟಿ.ಪಿ.ಎಲ್. ಕಡೆಗೆ ಇರುಳಿನಲ್ಲಿ ಹಳೆಯ ಕಾರನ್ನು ನಡೆಸಿಕೊಂಡು ಹೋಗುವ ಮಿತ್ರರೇ, ಹೆಡ್‌ಲೈಟು ಮಂಕಾಯಿತೆಂದ ಮಾತ್ರಕ್ಕೆ ಜೆ.ಸಿ. ರಸ್ತೆಗೆ ಧಾವಿಸಿ, 60/55 ವ್ಯಾಟಿನ ಬಲ್ಬಿನ ಸ್ಥಾನದಲ್ಲಿ 100/90 ವ್ಯಾಟಿನದನ್ನು ತಂದು ಕೂರಿಸುವ ಆತುರ ನಿಮಗೆ ಬೇಡ. ದೋಷವು ಪ್ರಾಯಶಃ ಬಲ್ಬಿನಲ್ಲಿರದೆ, ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟಿನಲ್ಲಿಯೋ, ಕರಕಾದ ಹೋಲ್ಡರಿನಲ್ಲಿಯೋ, ಹಲವು ಮಳೆಗಾಲಗಳನ್ನು ಕಂಡು ಒಳಗೊಳಗೇ ಹಸಿರುಗಟ್ಟಿದ ತಾಮ್ರದ ತಂತಿಯಲ್ಲಿಯೋ ಅಡಗಿರುತ್ತದೆ. ಇವುಗಳಿಂದಾಗಿ ಬಲ್ಬಿಗೆ ತಲುಪುವ ವೋಲ್ಟೇಜು ಶೇ. 10ರಷ್ಟು ಕುಸಿದರೆ ಬೆಳಕು ಸುಮಾರು ಶೇ. 30ರಷ್ಟು ಕುಗ್ಗುವುದು. ಅಂತಹ ಜೀರ್ಣವಾದ ತಂತಿಯ ಮೇಲೆ ದೊಡ್ಡ ಬಲ್ಬಿನ ಭಾರವನ್ನು ಹೇರಿದರೆ ಹೋಲ್ಡರು, ಸ್ವಿಚ್ಚುಗಳು ಕರಗಿಯಾವು. ಎದುರು ಬರುವ ಸ್ಕೂಟರ್ ಸವಾರನ ಕಣ್ಣೂ ಕುಕ್ಕೀತು.

ಎಂಜಿನ್ ಚಾಲನೆಯಲ್ಲಿದ್ದು ದೀಪ ಉರಿಯುತ್ತಿರುವಾಗಲೇ, ಬ್ಯಾಟರಿಯ ಋಣಧ್ರುವಕ್ಕೂ ಬಲ್ಬಿನ ಅರ್ಥಿಂಗ್ ತುದಿಗೂ ಮಲ್ಟಿಮೀಟರ್ ಹಿಡಿಸಿ ನೋಡಿ. ಅರ್ಧ ವೋಲ್ಟಿಗೆ ಮಿಕ್ಕಿ ತೋರಿದರೆ ಆ ಬೋಲ್ಟನ್ನು ಬಿಚ್ಚಿಸಿ, ಬಣ್ಣವನ್ನೂ ತುಕ್ಕನ್ನೂ ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿಸಿ ಬಿಗಿಸಿರಿ. ಇಂಡಿಕೇಟರ್ ಹಾಕಿದೊಡನೆ ಪಾರ್ಕಿಂಗ್ ದೀಪವೂ ಅದರೊಡನೆ ಮಿಣಮಿಣನೆ ಮಿನುಗಿದರಂತೂ ಅರ್ಥಿಂಗನ್ನೇ ಮೊದಲು ಶಂಕಿಸಿರಿ. ಇಷ್ಟಾದ ಮೇಲೂ ಬೆಳಕು ಸಾಲದಾದರೆ, ಬ್ಯಾಟರಿಯಿಂದಲೇ ದಪ್ಪ ತಂತಿ ಎಳೆಸಿ, ಫ್ಯೂಸಿನೊಡನೆ ರಿಲೇ ಹಾಕಿಸಿಕೊಳ್ಳಿ. ಬಲ್ಬು ಮಾತ್ರ 60/55ರದೇ ಇರಲಿ.