ಟೊಮೆಟೊ ಅಗಿಗೆ ತೇವ ಎಷ್ಟು, ಯಾವಾಗ?



ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ಕಡೆಯ ನಮ್ಮ ನೆಲ ತೊಗರಿಯ ನೆಲ. ತೊಗರಿ ಬಿತ್ತಿ ಬಂದರೆ ಮುಂದಿನದನ್ನು ಬಹುಮಟ್ಟಿಗೆ ಮಳೆಯೇ ನೋಡಿಕೊಳ್ಳುತ್ತದೆ. ಟೊಮೆಟೊ ಹಾಗಲ್ಲ. ಹೊಲಕ್ಕೆ ಹಚ್ಚುವ ಮೊದಲಿನ ೨೫ ರಿಂದ ೩೦ ದಿನ ಅದನ್ನು ಮಡಿಯಲ್ಲಿಯೋ ತಟ್ಟೆಯಲ್ಲಿಯೋ ಸಾಕಬೇಕು. ಈ ದಿನಗಳಲ್ಲಿ ನೀರಿನ ಕೊರತೆಯಿಂದ ಸತ್ತ ಅಗಿಗಿಂತ ಹೆಚ್ಚಾದ ನೀರಿನಿಂದ ಸತ್ತ ಅಗಿಯೇ ಹೆಚ್ಚು ಎಂದರೆ ತಪ್ಪಾಗಲಾರದು.

ಸಂಜೆ ನೆಟ್ಟಗೆ ನಿಂತಿದ್ದ ಅಗಿ ಬೆಳಿಗ್ಗೆ ನೋಡುವಷ್ಟರಲ್ಲಿ ನೆಲಕ್ಕೆ ಒರಗಿರುತ್ತದೆ. ಎಲೆ ಇನ್ನೂ ಹಸಿರು. ಆದರೆ ಮಣ್ಣಿಗೆ ತಾಗುವಲ್ಲಿ ಕಾಂಡವು ಮೆತ್ತಗಾಗಿ ದಾರದಂತೆ ಸಣ್ಣಗಾಗಿರುತ್ತದೆ. ಮೊದಲು ಒಂದು ಅಂಗೈಯಗಲ, ಮರುದಿನ ಒಂದು ಮೊರದಗಲ, ಮೂರನೆಯ ದಿನ ಅರ್ಧ ಮಡಿ. ಬಾಡಿದೆ ಎಂದು ತಿಳಿದು ಎಷ್ಟೋ ಜನ ಇನ್ನೆರಡು ಕೊಡ ನೀರು ಸುರಿಯುತ್ತಾರೆ. ಅದು ರೋಗಕ್ಕೆ ಊಟ ಬಡಿಸಿದಂತೆ.

ಇದೇ ಸಸಿ ಸಾಯುವ ರೋಗ. ಪಿಥಿಯಂ ಮೊದಲಾದ ರೋಗಾಣುಗಳು ಇದಕ್ಕೆ ಕಾರಣ. ಪಿಥಿಯಂನ ಬೀಜಾಣುಗಳಿಗೆ ನೀರಿನಲ್ಲಿ ಈಜುವ ಶಕ್ತಿಯುಂಟು. ಮಣ್ಣಿನ ಕಣಗಳ ನಡುವೆ ನೀರು ತುಂಬಿ ನಿಂತರೆ ಅವು ಒಂದು ಅಗಿಯಿಂದ ಇನ್ನೊಂದಕ್ಕೆ ಸಾಗುತ್ತವೆ. ಈ ರೋಗ ಬೀಜವನ್ನು ಮೊಳಕೆ ಹೊರಗೆ ಬರುವ ಮೊದಲೇ ಕೊಳೆಸುವುದೂ ಉಂಟು. ಆಗ ನಾವು ಬೀಜ ಮಾರಿದವನನ್ನು ಬೈಯುತ್ತೇವೆ. ಬೈಯುವ ಮೊದಲು ಹುಟ್ಟದ ಕಡೆ ಮಣ್ಣು ಕೆದಕಿ ನೋಡಿರಿ. ಬೀಜ ಮೆತ್ತಗಾಗಿ ಕೊಳೆತಿದ್ದರೆ ಮೊದಲು ನಮ್ಮ ನೀರಿನ ಮೇಲೆಯೇ ಸಂಶಯ ಪಡಬೇಕು. ಉಳಿದ ಬೀಜದಲ್ಲಿ ೨೦ ಕಾಳು ತೆಗೆದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿದರೆ ವಾರದೊಳಗೆ ಸತ್ಯ ತಿಳಿಯುತ್ತದೆ.

ಹಾಗಾದರೆ ತೇವವೇ ಬೇಡವೇ? ಬೇಕು. ಆದರೆ ಮೊಳಕೆ ಬರುವ ತನಕ ಒಂದು ಲೆಕ್ಕ, ಮೊಳಕೆ ಬಂದ ಮೇಲೆ ಇನ್ನೊಂದು ಲೆಕ್ಕ. ಇದನ್ನು ತಿಳಿದವರ ಅಗಿ ಉಳಿಯುತ್ತದೆ.

ಬಿತ್ತಿದ ದಿನದಿಂದ ಮೊಳಕೆ ಕಾಣುವ ತನಕ, ಅಂದರೆ ಸುಮಾರು ೫ ರಿಂದ ೮ ದಿನ, ಬೀಜದ ಸುತ್ತಲಿನ ತೇವ ಒಂದು ಹೊತ್ತೂ ಆರಬಾರದು. ಆದುದರಿಂದ ತಟ್ಟೆಯಲ್ಲಿ ಬಿತ್ತುವವರು ೯೮ ಕುಳಿಗಳ ತಟ್ಟೆಗಳಿಗೆ ತೆಂಗಿನ ನಾರಿನ ಪುಡಿ ತುಂಬಿ, ಕುಳಿಗೊಂದು ಬೀಜ ಹಾಕಿ, ಹತ್ತು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚುತ್ತಾರೆ. ಒಳಗಿನ ಆವಿಯೇ ತೇವವನ್ನು ಕಾಯುತ್ತದೆ. ಈ ಅಟ್ಟಿಯನ್ನು ಮನೆಯೊಳಗೆ ಅಥವಾ ನೆರಳಿನಲ್ಲಿ ಇಡಬೇಕು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಬಿಸಿಲು ೪೦ ಡಿಗ್ರಿ ದಾಟುತ್ತದೆ. ಬಿಸಿಲಿನಲ್ಲಿ ಪ್ಲಾಸ್ಟಿಕ್ ಮುಚ್ಚಿಟ್ಟರೆ ಬೀಜ ಮೊಳೆಯುವುದಿಲ್ಲ, ಬೇಯುತ್ತದೆ. ಮಡಿಯಲ್ಲಿ ಬಿತ್ತುವವರಿಗೆ ಪ್ಲಾಸ್ಟಿಕ್ ಬೇಕಿಲ್ಲ. ತೆಳುವಾಗಿ ಒಣಹುಲ್ಲು ಹರಡಿ ಅದರ ಮೇಲೆ ಝಾರಿಯಿಂದ ನೀರು ಚಿಮುಕಿಸಿದರೆ ಸಾಕು.

ನಾಲ್ಕನೆಯ ದಿನದಿಂದ ಬೆಳಿಗ್ಗೆ ಸಂಜೆ ಎತ್ತಿ ನೋಡುತ್ತಿರಬೇಕು. ಅಲ್ಲಲ್ಲಿ ಬಿಳಿಯ ಕೊಕ್ಕೆಯಂತೆ ಮೊಳಕೆ ಕಂಡ ದಿನವೇ ಹಾಳೆಯನ್ನಾಗಲಿ ಹುಲ್ಲನ್ನಾಗಲಿ ತೆಗೆದುಬಿಡಿರಿ. ಎಲ್ಲವೂ ಹುಟ್ಟಲಿ ಎಂದು ಇನ್ನೆರಡು ದಿನ ಕಾಯುವುದೇ ದೊಡ್ಡ ತಪ್ಪು. ನಿನ್ನೆಯ ತನಕ ಬೀಜವನ್ನು ಕಾಯ್ದ ಆವಿ ಇಂದಿನಿಂದ ಎಳೆಯ ಕಾಂಡದ ಮೇಲೆ ಹನಿಗಟ್ಟಿ ಕೂರುತ್ತದೆ. ಬೆಳಕು ಕಾಣದ ಮೊಳಕೆ ಬೆಳಕನ್ನು ಹುಡುಕುತ್ತ ಎತ್ತರಕ್ಕೆ ಹೋಗಿ ಸಣಕಲಾಗುತ್ತದೆ. ಪಡಸಾಲೆಯಲ್ಲಿಯೇ ಉಳಿಸಿಕೊಂಡ ತಟ್ಟೆಗಳಿಗೂ ಇದೇ ಗತಿ. ಮೊಳಕೆ ಬಂದ ತಟ್ಟೆಗೆ ಮನೆಯೊಳಗೆ ಜಾಗವಿಲ್ಲ. ಅಂಗಳದ ಬೆಳಕಿಗೆ ತನ್ನಿರಿ, ಆದರೆ ಮಧ್ಯಾಹ್ನದ ಉರಿಬಿಸಿಲು ನೇರವಾಗಿ ಬೀಳದಿರಲಿ. ತೊಗರಿ ಕಟ್ಟಿಗೆಯ ಚಪ್ಪರದ ನೆರಳು ಇದಕ್ಕೆ ಒಳ್ಳೆಯದು, ಖರ್ಚೂ ಇಲ್ಲ.

ಇಲ್ಲಿಂದ ಮುಂದೆ ನೀರನ್ನು ಬೆಳಿಗ್ಗೆ ಮಾತ್ರ ಕೊಡಬೇಕು. ಹೊತ್ತು ಮುಳುಗುವಷ್ಟರಲ್ಲಿ ಮೇಲ್ಮಣ್ಣು ಆರಿರಬೇಕು. ಎಷ್ಟು ನೀರು ಎಂದರೆ, ಒಂದು ಹಿಡಿ ಮಣ್ಣು ತೆಗೆದು ಹಿಚುಕಿರಿ. ಬೆರಳ ಸಂದಿಯಿಂದ ನೀರಿಳಿದರೆ ಹೆಚ್ಚಾಯಿತು. ಉಂಡೆ ಕಟ್ಟಿ, ಬೆರಳು ತಾಗಿಸಿದೊಡನೆ ಒಡೆದರೆ ಹದ. ಉಂಡೆಯೇ ಕಟ್ಟದಿದ್ದರೆ ನೀರು ಬೇಕು. ತಟ್ಟೆಯಾದರೆ ಕೈಯಲ್ಲಿ ಎತ್ತಿ ತೂಕ ನೋಡುವ ಅಭ್ಯಾಸ ಮಾಡಿಕೊಳ್ಳಿರಿ. ನಾಲ್ಕು ದಿನದಲ್ಲಿ ಕೈಗೇ ತಿಳಿಯುತ್ತದೆ.

ನಮ್ಮ ಎರೆಮಣ್ಣಿನ ಮಾತು ಬೇರೆಯಾಗಿಯೇ ಹೇಳಬೇಕು. ಅದು ನೀರನ್ನು ಬಹಳ ಹೊತ್ತು ಹಿಡಿದಿಡುತ್ತದೆ, ಆರಿದರೆ ಬಿರುಕು ಬಿಟ್ಟು ಎಳೆಯ ಬೇರನ್ನು ಹರಿಯುತ್ತದೆ. ಬರಿಯ ಎರೆಮಣ್ಣಿನಲ್ಲಿ ಮಡಿ ಮಾಡಬಾರದು. ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಮಭಾಗ ಬೆರೆಸಿರಿ. ಗೊಬ್ಬರ ಹಸಿಯಾಗಿದ್ದರೆ ರೋಗವನ್ನು ಕರೆದಂತೆ. ಶಹಾಬಾದ, ವಾಡಿ ಸುತ್ತಿನವರು ಮರಳಿಗೆ ಬದಲು ಫರಸಿ ಗಣಿಯ ಕಲ್ಲುಪುಡಿ ಬೆರೆಸಬೇಡಿರಿ. ಅದು ಸುಣ್ಣದ ಕಲ್ಲು. ಕ್ಷಾರ ಹೆಚ್ಚುತ್ತದೆ, ಒದ್ದೆಯಾದಾಗ ಹೆಪ್ಪುಗಟ್ಟಿ ನೀರು ಇಳಿಯಗೊಡುವುದಿಲ್ಲ. ಮಡಿಯು ನೆಲದಿಂದ ೧೫ ಸೆಂಟಿಮೀಟರು ಎತ್ತರವಿರಲಿ, ಅಗಲ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚಿದ್ದರೆ ಎರಡೂ ಬದಿಯಿಂದ ಕೈ ಎಟಕುತ್ತದೆ. ಕಾಗಿಣಾ, ಮುಲ್ಲಾಮಾರಿ ದಂಡೆಯ ತಗ್ಗು ಹೊಲದಲ್ಲಿ ಮಳೆಗಾಲದ ಮಡಿ ಬೇಡ. ಬೀಜವನ್ನು ಎರಚದೆ ೧೦ ಸೆಂಟಿಮೀಟರಿಗೊಂದು ಸಾಲಿನಲ್ಲಿ ತೆಳುವಾಗಿ ಬಿಟ್ಟರೆ ನಡುವೆ ಗಾಳಿಯಾಡುತ್ತದೆ. ಒಂದು ಗ್ರಾಂನಲ್ಲಿ ಸುಮಾರು ೩೦೦ ಬೀಜ ಇರುತ್ತವೆ. ದುಬಾರಿ ಹೈಬ್ರಿಡ್ ಬೀಜವನ್ನು ದಟ್ಟವಾಗಿ ಚೆಲ್ಲಿ ಕೊಳೆಸುವುದೇಕೆ?

ಗಾಳಿಯಾಡಲಿ ಎಂದು ಪ್ಲಾಸ್ಟಿಕ್ ತೆಗೆದರೂ ನೈಲಾನ್ ಪರದೆಯನ್ನು ತೆಗೆಯಬಾರದು. ಬಿಳಿನೊಣ ಎಲೆಮುಟುರು ರೋಗವನ್ನು ತರುವುದು ಈ ಎಳೆಯ ವಯಸ್ಸಿನಲ್ಲಿಯೇ. ಸಣ್ಣ ಕಣ್ಣಿನ ಪರದೆ ಗಾಳಿಯನ್ನು ಬಿಡುತ್ತದೆ, ನೊಣವನ್ನು ತಡೆಯುತ್ತದೆ.

ಬಣ್ಣ ಹಚ್ಚಿ ಬರುವ ಬೀಜಕ್ಕೆ ಸಾಮಾನ್ಯವಾಗಿ ಔಷಧ ಸೇರಿರುತ್ತದೆ, ಅದಕ್ಕೆ ಟ್ರೈಕೋಡರ್ಮ ಹಚ್ಚಿದರೆ ವ್ಯರ್ಥ. ಮನೆಯ ಬೀಜವಾದರೆ ಹಚ್ಚಿರಿ. ಇಷ್ಟಾದರೂ ರೋಗ ಕಂಡರೆ ಮೊದಲು ನೀರು ನಿಲ್ಲಿಸಿರಿ. ಒರಗಿದ ಅಗಿಗಳನ್ನು ಬುಡದ ಮಣ್ಣಿನ ಸಮೇತ ತೆಗೆದು ದೂರ ಎಸೆಯಿರಿ, ತಿಪ್ಪೆಗೆ ಹಾಕಬೇಡಿರಿ. ಸುತ್ತಲಿನ ಅಗಿಗಳ ಬುಡಕ್ಕೆ ಲೀಟರು ನೀರಿಗೆ ೩ ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಕಲಸಿ ತೋಯುವಂತೆ ಹಾಕಿರಿ. ಬಿದ್ದದ್ದು ಏಳುವುದಿಲ್ಲ, ನಿಂತದ್ದು ಉಳಿಯುತ್ತದೆ.

ಹೊಲಕ್ಕೆ ಹಚ್ಚುವ ಒಂದು ವಾರ ಮೊದಲು ನೀರನ್ನು ಇನ್ನೂ ಕಡಿಮೆ ಮಾಡಿ, ನೆರಳನ್ನು ಸರಿಸಿ, ಅಗಿಯನ್ನು ಗಟ್ಟಿ ಮಾಡಬೇಕು. ಕೀಳುವ ದಿನ ಬೆಳಿಗ್ಗೆ ಮಾತ್ರ ಮಡಿಯನ್ನು ಚೆನ್ನಾಗಿ ತೋಯಿಸಿರಿ. ಬೇರು ಹರಿಯದೆ ಮಣ್ಣಿನ ಹೆಂಟೆಯೊಡನೆ ಮೇಲೆ ಬರುತ್ತದೆ. ಹಚ್ಚುವ ಕೆಲಸ ಸಂಜೆಗೆ ಇರಲಿ.