ಒಳಗಡಲಿನ ದ್ವೀಪಗಳು

ಜಪಾನ್ ದ್ವೀಪಗಳ ದೇಶ. ಅದರ ಪ್ರಧಾನ ದ್ವೀಪಗಳಾದ ಹೊನ್ಶು, ಶಿಕೊಕು ಮತ್ತು ಕ್ಯೂಶುಗಳ ನಡುವೆ ಸೆಟೊ ಎಂಬ ಒಳಗಡಲು ಹರಡಿಕೊಂಡಿದೆ. ಸುತ್ತಲೂ ನೆಲದ ಆಸರೆಯಿರುವುದರಿಂದ ಮಹಾಸಾಗರದ ಹೆದ್ದೆರೆಗಳ ಆರ್ಭಟ ಇಲ್ಲಿ ಕಡಮೆ. ಈ ಕಡಲಿನಲ್ಲಿ 700ಕ್ಕೂ ಹೆಚ್ಚು ದ್ವೀಪಗಳಿವೆ. 1934ರಲ್ಲಿ ಜಪಾನ್ ತನ್ನ ಮೊತ್ತಮೊದಲ ರಾಷ್ಟ್ರೀಯ ಉದ್ಯಾನಗಳನ್ನು ಘೋಷಿಸಿದಾಗ ಈ ಪ್ರದೇಶವೂ ಅವುಗಳಲ್ಲಿ ಒಂದಾಗಿತ್ತು. ಶಿಕೊಕುವಿನ ತಕಮತ್ಸು ಬಂದರಿನಲ್ಲಿ ಹಡಗನ್ನೇರಿದ ಪ್ರವಾಸಿಗೆ ಹಸಿರು ಗುಡ್ಡಗಳು ಒಂದರ ಹಿಂದೊಂದು ನೀರಿನಿಂದ ಮೇಲೆದ್ದು ಬರುವಂತೆ ತೋರುತ್ತದೆ. ಎಲ್ಲೆಲ್ಲೂ ಶಾಂತಿ ನೆಲೆಸಿದೆ. ಆದರೆ ಈ ಶಾಂತಿ ತಾನಾಗಿ ಉಳಿದುಬಂದುದಲ್ಲ; ಅದರ ಹಿಂದೆ ಜನರ ದುಡಿಮೆಯೂ ಹೋರಾಟವೂ ಇವೆ.

ಇಲ್ಲಿಯ ದೊಡ್ಡ ದ್ವೀಪಗಳಲ್ಲಿ ಶೋದೋಶಿಮಾ ಒಂದು. ಇಲ್ಲಿಯ ಜನ ಸುಮಾರು 400 ವರ್ಷಗಳಿಂದ ಸೋಯಾ ಸಾಸ್ ತಯಾರಿಸುತ್ತಿದ್ದಾರೆ. ಬೇಯಿಸಿದ ಸೋಯಾ ಅವರೆಗೆ ಹುರಿದ ಗೋಧಿಯನ್ನು ಬೆರೆಸಿ, ಅದರ ಮೇಲೆ ಒಂದು ಬಗೆಯ ಬೂಷ್ಟನ್ನು ಬೆಳೆಸಿ, ಉಪ್ಪುನೀರಿನೊಡನೆ ಆಳೆತ್ತರವನ್ನೂ ಮೀರುವ ಮರದ ಪೀಪಾಯಿಗಳಲ್ಲಿ ತುಂಬುತ್ತಾರೆ. ಅದು ಹುಳಿತು ಪಕ್ವವಾಗಲು ಒಂದೆರಡು ವರ್ಷಗಳೇ ಬೇಕು. ಹಳೆಯ ಪೀಪಾಯಿಯ ಮರದ ಸಂದುಗಳಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳೇ ಇದಕ್ಕೆ ವಿಶಿಷ್ಟವಾದ ರುಚಿಯನ್ನು ಕೊಡುತ್ತವೆ. ಮೊಸರಿಗೆ ಹೆಪ್ಪು ಹೇಗೋ ಈ ಸಾಸಿಗೆ ಹಳೆಯ ಪೀಪಾಯಿ ಹಾಗೆ. ಉಕ್ಕಿನ ತೊಟ್ಟಿಗಳು ಬಂದ ಮೇಲೆ ದೊಡ್ಡ ಪೀಪಾಯಿಗಳನ್ನು ಕಟ್ಟಬಲ್ಲ ಕುಶಲಿಗಳು ವಿರಳವಾದರು. ಆಗ ದ್ವೀಪದ ಸಾಸ್ ತಯಾರಕರೇ ಆ ಕೆಲಸವನ್ನು ಕಲಿತು, 2012ರಿಂದ ಅದರ ಪುನರುಜ್ಜೀವನಕ್ಕೆ ತೊಡಗಿದರು. ಒಂದು ಪೀಪಾಯಿ ನೂರು ವರ್ಷ ಬಾಳಬಲ್ಲುದು. ಇಂದು ಅದನ್ನು ಕಟ್ಟುವವನಿಗೆ ಅದರ ಪೂರ್ಣ ಫಲ ದೊರೆಯದು. ಅದು ಮೊಮ್ಮಕ್ಕಳ ಪಾಲು.

ನಮ್ಮ ಶಾವಿಗೆಯನ್ನು ನೆನಪಿಗೆ ತರುವ ಸೋಮೆನ್ ಎಂಬ ತಿನಿಸೂ ಇಲ್ಲಿ ಪ್ರಸಿದ್ಧವಾದುದು. ಗೋಧಿ ಹಿಟ್ಟಿನ ಕಣಕಕ್ಕೆ ಎಳ್ಳೆಣ್ಣೆ ಸವರಿ, ಅದನ್ನು ನೂಲಿನಂತೆ ಎಳೆದೆಳೆದು, ಚಳಿಗಾಲದ ಬಿಸಿಲಿನಲ್ಲಿ ಒಣಗಿಸುತ್ತಾರೆ. ಹಳೆಯದನ್ನು ಕಾಪಾಡಿಕೊಂಡ ಈ ಜನ ಹೊಸದನ್ನು ದೂರವಿಡಲಿಲ್ಲ. 1908ರಲ್ಲಿ ಪ್ರಯೋಗಾರ್ಥವಾಗಿ ನೆಟ್ಟ ಆಲಿವ್ ಸಸಿಗಳು ಈ ನೆಲಕ್ಕೆ ಹೊಂದಿಕೊಂಡು ಇಂದು ದ್ವೀಪದ ಗುರುತೇ ಆಗಿವೆ.

ಈ ದ್ವೀಪದಲ್ಲಿ 1899ರಲ್ಲಿ ಜನಿಸಿದ ಲೇಖಕಿ ಸಾಕಾಯೆ ತ್ಸುಬೊಯ್ 1952ರಲ್ಲಿ ‘ಇಪ್ಪತ್ತನಾಲ್ಕು ಕಣ್ಣುಗಳು’ ಎಂಬ ಕಾದಂಬರಿಯನ್ನು ಬರೆದರು. ಹಳ್ಳಿಯ ಶಾಲೆಗೆ ಬಂದ ತರುಣ ಶಿಕ್ಷಕಿ, ಅವಳ ಹನ್ನೆರಡು ಮಂದಿ ಶಿಷ್ಯರು, ಅವರ ಬಾಳನ್ನು ಕಲಕಿದ ಯುದ್ಧ - ಇವೇ ಅದರ ವಸ್ತು. ಯುದ್ಧ ಮುಗಿದ ಮೇಲೆ ದ್ವೀಪಗಳ ಮಕ್ಕಳನ್ನು ಸೆಳೆದುಕೊಂಡುದು ನಗರಗಳು. ಕೈಗಾರಿಕೆಗಳು ಬೆಳೆದಂತೆ ತರುಣರು ಉದ್ಯೋಗವನ್ನರಸಿ ಹೊರಟುಹೋದರು. ಊರುಗಳಲ್ಲಿ ವೃದ್ಧರು ಉಳಿದರು. ಎಷ್ಟೋ ಮನೆಗಳಿಗೆ ಬೀಗ ಬಿದ್ದಿತು.

ನೆರೆಯ ತೆಶಿಮಾ ದ್ವೀಪಕ್ಕೆ ಇದಕ್ಕಿಂತ ಘೋರವಾದ ವಿಪತ್ತು ಬಂದೊದಗಿತು. ‘ತೆಶಿಮಾ’ ಎಂಬ ಹೆಸರಿನ ಅಕ್ಷರಗಳಿಗೆ ‘ಸಮೃದ್ಧಿಯ ದ್ವೀಪ’ ಎಂದರ್ಥ. 1970ರ ದಶಕದ ಕೊನೆಯಿಂದ 1990ರವರೆಗೆ ಕಾರ್ಖಾನೆಗಳ ವಿಷಯುಕ್ತ ಕಸವನ್ನು ಇಲ್ಲಿಗೆ ಅಕ್ರಮವಾಗಿ ತಂದು ಸುರಿದು, ಬಯಲಿನಲ್ಲಿಯೇ ಸುಡಲಾಯಿತು. ಸಮೃದ್ಧಿಯ ದ್ವೀಪವನ್ನು ಲೋಕ ‘ಕಸದ ದ್ವೀಪ’ವೆಂದು ಕರೆಯತೊಡಗಿತು. 1990ರಲ್ಲಿ ಪೊಲೀಸರು ದಾಳಿ ನಡೆಸಿ ದಂಧೆಯನ್ನು ನಿಲ್ಲಿಸಿದರೂ ಕಸದ ರಾಶಿ ಅಲ್ಲಿಯೇ ಉಳಿಯಿತು. ದ್ವೀಪವಾಸಿಗಳು ಎದೆಗುಂದಲಿಲ್ಲ. ಕೊಹೇ ನಕಬೊ ಎಂಬ ವಕೀಲರ ನೆರವಿನಿಂದ 1993ರಲ್ಲಿ ಸರ್ಕಾರದ ಮುಂದೆ ನ್ಯಾಯ ಕೇಳಿದರು. ನರೆತ ತಲೆಯ ಹಿರಿಯರು ಕಡಲನ್ನು ದಾಟಿ ಹೋಗಿ, ತಕಮತ್ಸುವಿನ ಆಡಳಿತ ಕಚೇರಿಯ ಮುಂದೆ ಚಳಿಯನ್ನೂ ಲೆಕ್ಕಿಸದೆ ತಿಂಗಳುಗಟ್ಟಲೆ ಮೌನವಾಗಿ ನಿಂತರು. ಕೊನೆಗೆ 2000ನೆಯ ಇಸವಿಯಲ್ಲಿ ಒಪ್ಪಂದವಾಯಿತು. ಪ್ರಾಂತದ ಆಡಳಿತ ಅವರ ಕ್ಷಮೆ ಯಾಚಿಸಿತು. 2003ರಿಂದ 2017ರವರೆಗೆ ಸುಮಾರು 9 ಲಕ್ಷ ಟನ್ ಕಸವನ್ನೂ ಕೆಟ್ಟ ಮಣ್ಣನ್ನೂ ಹಡಗಿನಲ್ಲಿ ನವೋಶಿಮಾ ದ್ವೀಪಕ್ಕೆ ಸಾಗಿಸಿ, ಕರಗಿಸಿ, ನಿರಪಾಯಗೊಳಿಸಲಾಯಿತು. ಹೋರಾಟಕ್ಕಿಳಿದ ಅನೇಕರು ಆ ದಿನವನ್ನು ಕಾಣಲು ಬದುಕಿರಲಿಲ್ಲ.

ನೆರೆಯವರ ಕಸವನ್ನು ಕರಗಿಸಲು ಒಪ್ಪಿದ ನವೋಶಿಮಾ ತಾನೂ ನೊಂದ ನೆಲವೇ. 1917ರಲ್ಲಿ ಪ್ರಾರಂಭವಾದ ಲೋಹ ಕರಗಿಸುವ ಕಾರ್ಖಾನೆ ಜೀವನೋಪಾಯವನ್ನು ಕೊಟ್ಟಿತು. ಆದರೆ ಅದರ ಹೊಗೆಯಿಂದ ಉತ್ತರದ ಗುಡ್ಡಗಳು ಬೋಳಾದುವು. ಈ ದ್ವೀಪದ ದಕ್ಷಿಣ ಭಾಗದಲ್ಲಿ 1992ರಿಂದ ಆಧುನಿಕ ಕಲೆ ನೆಲೆಯೂರಿತು. ವಾಸ್ತುಶಿಲ್ಪಿ ತದಾವೋ ಆಂಡೋ ರೂಪಿಸಿದ ಚಿಚು ಕಲಾಮಂದಿರ 2004ರಲ್ಲಿ ತೆರೆಯಿತು. ಗುಡ್ಡದ ಅಂದ ಕೆಡದಿರಲೆಂದು ಅದರ ಬಹುಭಾಗವನ್ನು ನೆಲದೊಳಗೇ ಕಟ್ಟಲಾಗಿದೆ. 1998ರಿಂದ ಬೀಗ ಬಿದ್ದಿದ್ದ ಹಳೆಯ ಮನೆಗಳನ್ನೂ ಕಲಾಕೃತಿಗಳಾಗಿ ಮಾರ್ಪಡಿಸಲಾಯಿತು.

ತೆಶಿಮಾದಲ್ಲಿ 2010ರಲ್ಲಿ ಇನ್ನೊಂದು ಕಲಾಮಂದಿರ ರೂಪುಗೊಂಡಿತು. ಅದನ್ನು ನಿರ್ಮಿಸಿದವರು ವಾಸ್ತುಶಿಲ್ಪಿ ರ್ಯುವೆ ನಿಶಿಝಾವಾ ಮತ್ತು ಕಲಾವಿದೆ ರೇ ನೈತೊ. ನೀರಿನ ಹನಿಯ ಆಕಾರದ ಆ ಕಾಂಕ್ರೀಟ್ ಕಟ್ಟಡದಲ್ಲಿ ಒಂದು ಕಂಬವೂ ಇಲ್ಲ. ಚಾವಣಿಯ ಎರಡು ದೊಡ್ಡ ತೆರಪುಗಳಿಂದ ಗಾಳಿ, ಬೆಳಕು, ಮಳೆಗಳು ಒಳಗೆ ಬರುತ್ತವೆ. ನೆಲದಿಂದ ಸಣ್ಣ ಹನಿಗಳು ಒಸರಿ, ಹರಿದು, ಒಂದುಗೂಡುತ್ತವೆ. ಪಾಳುಬಿದ್ದಿದ್ದ ಸುತ್ತಲಿನ ಮೆಟ್ಟಿಲುಗದ್ದೆಗಳನ್ನು ದ್ವೀಪವಾಸಿಗಳು ಹಸನು ಮಾಡಿ, ಮತ್ತೆ ಬತ್ತ ಬೆಳೆಯುತ್ತಿದ್ದಾರೆ.

2010ರಿಂದ ಮೂರು ವರ್ಷಗಳಿಗೊಮ್ಮೆ ಈ ದ್ವೀಪಗಳಲ್ಲಿ ಕಲೋತ್ಸವ ನಡೆಯುತ್ತಿದೆ. ಉತ್ಸವದಿಂದ ಎಲ್ಲ ಕೊರತೆಗಳೂ ನೀಗಲಿಲ್ಲ. ಜನಸಂಖ್ಯೆ ಇಂದಿಗೂ ಇಳಿಮುಖವಾಗಿಯೇ ಇದೆ. ಆದರೂ ಓಗಿಜಿಮಾ ಎಂಬ ಪುಟ್ಟ ದ್ವೀಪದಲ್ಲಿ ಒಂದು ಸಂಗತಿ ನಡೆಯಿತು. ಮಕ್ಕಳಿಲ್ಲದೆ ಅಲ್ಲಿಯ ಶಾಲೆ ಮುಚ್ಚಿತ್ತು. 2013ರ ಉತ್ಸವದ ನೆಪದಲ್ಲಿ ಊರಿಗೆ ಬಂದ ಕೆಲವು ಸಂಸಾರಗಳು ಅಲ್ಲಿಯೇ ನೆಲಸಲು ಮನಸ್ಸು ಮಾಡಿ, ಶಾಲೆಯನ್ನು ತೆರೆಯಬೇಕೆಂದು ಕೇಳಿಕೊಂಡವು. 2014ರಲ್ಲಿ ಶಾಲೆ ಮತ್ತೆ ತೆರೆಯಿತು.

ಈ ದ್ವೀಪಗಳಿಗೆ ಹೋದವರು ಕಲಾಮಂದಿರಗಳನ್ನು ನೋಡಿ, ಸೋಮೆನ್ ಉಂಡು, ಸಂತೋಷದಿಂದ ಹಿಂದಿರುಗುತ್ತಾರೆ. ಅವರು ಕಂಡ ಚೆಲುವಿನ ಹಿಂದೆ ಪೀಪಾಯಿ ಕಟ್ಟಿದ ಕೈಗಳಿವೆ. ಕಚೇರಿಯ ಮುಂದೆ ಚಳಿಯಲ್ಲಿ ನಿಂತ ಹಿರಿಯರಿದ್ದಾರೆ. ತಮ್ಮ ನೆಲ ಕಸ ಸುರಿಯುವ ಸ್ಥಳವಲ್ಲ, ಮಕ್ಕಳು ಬಾಳಬೇಕಾದ ಊರು ಎಂದು ಅವರು ನಂಬಿದ್ದರು. ಆ ನಂಬಿಕೆಯನ್ನು ಬಿಟ್ಟುಕೊಡದಿದ್ದುದರಿಂದಲೇ ಇಂದು ಲೋಕ ಅಲ್ಲಿಗೆ ಚೆಲುವನ್ನು ಅರಸಿಕೊಂಡು ಬರುತ್ತಿದೆ.